ಮರಿಗೆಗೆ ಮೊದಲ ಕೈ

ತೆರ್ನೊವಾ ಬಾಲ್ಕಾ,
ಖೆರ್ಸೊನ್ ಸೀಮೆ.
ಬುಧವಾರ, 9 ಅಕ್ಟೋಬರ್ 2024

ಪರದೇಶದಲ್ಲಿ ನಮ್ಮ ನಾಡಿನ ಪರಂಪರೆಯನ್ನೆಲ್ಲ ಒಬ್ಬರೇ ಹೆಗಲ ಮೇಲೆ ಹೊತ್ತು ನಿಂತಿರುವ ಸಂಘದ ಅಧ್ಯಕ್ಷರೂ, ಕಸೂತಿ ಅಂಗಿಯ ಭಾಷಣಕಾರರೂ ಆದ ಶ್ರೀಮಾನ್ ಲುಕ್ಯಾನ್ ಅವರಿಗೆ, ಊರಲ್ಲೇ ಬಿದ್ದಿರುವ ಮೊತ್ರ್ಯಾಳ ನಮಸ್ಕಾರಗಳು.

ತಾವು ಕ್ಷೇಮವೆಂದು ಬಲ್ಲೆ. ತಮ್ಮ ಭಾಷಣದ ವೀಡಿಯೊದಲ್ಲಿ ಕಣ್ಣಾರೆ ಕಂಡೆವು. ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬಂದಿದೆ. ಅಂಗಿ ಹೊಟ್ಟೆಯ ಮೇಲೆ ಬಿರಿಯುವ ಹಾಗಿದೆ. ಆ ಅಂಗಿಗೆ ಕಸೂತಿ ಹಾಕಿದವಳು ನಾನು, ಮದುವೆಗೆ ಮುಂಚಿನ ಚಳಿಗಾಲ ಪೂರ್ತಿ ಕಿಟಕಿಯ ಹತ್ತಿರ ಕೂತು. ತಾವು ಸಭೆಗೆ ಅದು ತಮ್ಮ ಅಜ್ಜಿಯ ಕೈಕೆಲಸವೆಂದು ಹೇಳಿದಿರಿ. ಇರಲಿ ಬಿಡಿ, ಅಜ್ಜಿಯದು ಅಂದರೆ ಚಪ್ಪಾಳೆ ಎರಡು ಹೆಚ್ಚಿಗೆ ಬೀಳುತ್ತವೆ.

ಸಾಕು. ಈ ತಾವು, ನೀವು ನನ್ನ ಕೈಲಾಗದು. ನಿನ್ನ ಕಾಲುಚೀಲ ಒಗೆದವಳು ನಾನು, ನಿನ್ನ ಗೊರಕೆ ಕೇಳಿದವಳು ನಾನು. ಮರ್ಯಾದೆ ಕೊಡುವ ಕೆಲಸವನ್ನು ಜರ್ಮನಿಯವರೇ ಮಾಡಲಿ.

ನಿನ್ನ ಕಾಗದ ಬಂತು. ಅದರಲ್ಲಿ ಎರಡು ಬೇಡಿಕೆ. ಒಂದು, ನಿನ್ನ ಅಜ್ಜಿಯ ಕಾಲದ ಹಿಟ್ಟು ನಾದುವ ಮರಿಗೆಯನ್ನು ಬಸ್ಸಿನವನ ಕೈಲಿ ಕಳಿಸಿಕೊಡಬೇಕು, ನೀನು ಅದನ್ನು ಪ್ರದರ್ಶನದ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೀಯ. 'ಅಲ್ಲಿದ್ದರೆ ಯುದ್ಧದಲ್ಲಿ ಸುಟ್ಟುಹೋದೀತು, ಇಲ್ಲಿದ್ದರೆ ಉಳಿದೀತು' ಎಂದು ಬರೆದಿದ್ದೀಯ. ಮರಿಗೆಯ ಪಕ್ಕದಲ್ಲೇ ನಾನೂ ಇದ್ದೇನಲ್ಲ, ನಾನು ಸುಟ್ಟುಹೋಗುವ ವಿಷಯ ಎಲ್ಲಾದರೂ ಬರೆದಿದ್ದೀಯೇನೋ ಎಂದು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಇರಲಿಲ್ಲ. ಎರಡನೆಯದು, ವಿಚ್ಛೇದನದ ಕಾಗದಕ್ಕೆ ನೋಟರಿಯ ಎದುರು ಸಹಿ ಹಾಕಿ ಕಳಿಸಬೇಕು, 'ಇಬ್ಬರ ನೆಮ್ಮದಿಗಾಗಿ'. ಆ ಇಬ್ಬರು ಯಾರೆಂದು ನನಗೆ ಗೊತ್ತು. ವೀಡಿಯೊದಲ್ಲಿ ನಿನ್ನ ಪಕ್ಕ ನಿಂತು ನಿನ್ನ ಕಾಲರ್ ಸರಿಮಾಡಿದವಳು ಒಬ್ಬಳು.

ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ನೀನು ಕೂತು ಇದನ್ನು ಪೂರ್ತಿ ಓದಬೇಕು. ನಿನ್ನ ಭಾಷಣವನ್ನು ನಾವು ನಲವತ್ತು ನಿಮಿಷ ಕೇಳಿದ್ದೇವೆ.

ಮೊದಲು ಮರಿಗೆ. 'ನನ್ನ ಪತ್ನಿ ಪ್ರಾಣದ ಹಂಗು ತೊರೆದು ಮರಿಗೆಯನ್ನು ನೆಲದಲ್ಲಿ ಹೂತು, ಶತ್ರುವಿನ ಕಣ್ಣಿಂದ ಮರೆಮಾಡಿದಳು' ಎಂದು ನೀನು ಗಂಟಲು ಕಟ್ಟಿಕೊಂಡು ಹೇಳಿದೆ. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಪಾಪ, ಒಳ್ಳೆಯವಳಿರಬೇಕು. ನಡೆದದ್ದು ಇಷ್ಟು: ಶತ್ರು ಎಂಟು ತಿಂಗಳು ನಮ್ಮ ಅಂಗಳದಲ್ಲೇ ಕೂತಿದ್ದ. ಮರಿಗೆ ಕೊಟ್ಟಿಗೆಯ ಬಾಗಿಲಲ್ಲೇ ಇತ್ತು. ಅವರು ಅದರಲ್ಲಿ ಕಾಲುಚೀಲ ನೆನೆಹಾಕುತ್ತಿದ್ದರು. ನಾನು ನೋಡಿಕೊಂಡು ಸುಮ್ಮನಿದ್ದೆ, ಯಾಕೆಂದರೆ ಬಂದೂಕು ಅವರ ಕೈಲಿತ್ತು. ಅವರು ಓಡಿಹೋದ ಮೇಲೆ ಚಾಕು ಹಿಡಿದು ಅದನ್ನು ಕೆರೆದೆ, ಉಪ್ಪು ಮತ್ತು ಈರುಳ್ಳಿ ಹಾಕಿ ತಿಕ್ಕಿದೆ, ಒಲೆಯ ಮೇಲೆ ಒಣಗಿಸಿದೆ, ಮತ್ತೆ ಕೆರೆದೆ. ಆದರೂ ಒಂದೂವರೆ ವರ್ಷ ಅದರಲ್ಲಿ ಹಿಟ್ಟು ನೆಟ್ಟಗೆ ಏಳಲಿಲ್ಲ. ಹಿಟ್ಟನ್ನು ಉಬ್ಬಿಸಲು ಮರಕ್ಕೆ ಹತ್ತಿಕೊಂಡಿದ್ದ ಹಳೆಯ ಹುಳಿ ಸತ್ತುಹೋಗಿತ್ತು. ಈ ವಸಂತದಲ್ಲಿ ಒಂದು ದಿನ ಹಿಟ್ಟು ಉಬ್ಬಿ, ಮುಚ್ಚಿದ ಬಟ್ಟೆ ಮೇಲೆದ್ದು ನಿಂತಿತ್ತು. ಅವತ್ತು ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಅತ್ತೆ.

ನೀನು ಬರೆದಿದ್ದೀಯ: 'ಸೋಪು ಹಾಕಿ ಚೆನ್ನಾಗಿ ತೊಳೆದು, ಸಾಧ್ಯವಾದರೆ ವಾರ್ನಿಷ್ ಬಳಿಸಿ ಕಳಿಸು.' ಮರಿಗೆಯನ್ನು ತೊಳೆಯುವಂತಿಲ್ಲ, ಕೆರೆಯಬೇಕು ಅಷ್ಟೆ ಎಂಬುದು ನಮ್ಮೂರಲ್ಲಿ ಹಾಲುಹಲ್ಲಿನ ಮಗುವಿಗೂ ಗೊತ್ತು. ಪರಂಪರಾ ಸಂಘದ ಅಧ್ಯಕ್ಷರಿಗೆ ಗೊತ್ತಿಲ್ಲ. ಆ ಕಾಲುಚೀಲದವರೂ ಅದಕ್ಕೆ ಸೋಪನ್ನೇ ಹಾಕಿದ್ದು, ಆದರೆ ಅವರು ನನ್ನ ಹತ್ತಿರ ವಾರ್ನಿಷ್ ಕೇಳಿರಲಿಲ್ಲ.

ಈಗ ಮದುವೆಯ ವಿಷಯ. ಉಸ್ತಿನಾಳ ಮದುವೆಯಾಯಿತು, ಮೊನ್ನೆ ಭಾನುವಾರ. ಉಸ್ತಿನಾ ಯಾರೆಂದು ಮರೆತಿರಬಹುದು ನೀನು. ಅವಳ ತಾಯಿ ತೀರಿಕೊಂಡ ಮೇಲೆ ನಿನ್ನ ತಮ್ಮ ಹೊರ್ದಿ ಮತ್ತು ನನ್ನ ವಾರಗಿತ್ತಿ ಪರಸ್ಕಾ ಸಾಕಿದ ಹುಡುಗಿ. ಪರಸ್ಕಾಳೇ ಅವಳನ್ನು ಚರ್ಚಿನಲ್ಲಿ ದೀಕ್ಷಾಸ್ನಾನಕ್ಕೆ ಎತ್ತಿ ಹಿಡಿದ ಧರ್ಮತಾಯಿ. ಹುಡುಗ ಮಾರ್ಕಿಯಾನ್ ಪಕ್ಕದ ಊರಿನವನು, ಸೈನ್ಯದಲ್ಲಿದ್ದಾನೆ, ಹತ್ತು ದಿನದ ರಜೆಯಲ್ಲಿ ಬಂದಿದ್ದ. ಮೇರಿಮಾತೆಯ ಪೊಕ್ರೋವಾ ಹಬ್ಬ ಕಳೆದ ಕೂಡಲೇ ಮಾಡಿಬಿಡೋಣ ಎಂದು ನಿಶ್ಚಯವಾಯಿತು. ಮದುವೆ ಅಂದ ಮೇಲೆ ಕೊರೊವಾಯ್ ಬೇಕಲ್ಲ.

ಕೊರೊವಾಯ್ ಬಗ್ಗೆ ನೀನೇ ಸಭೆಯಲ್ಲಿ ವಿವರವಾಗಿ ಹೇಳಿದೆ. ಮದುವೆಯ ದೊಡ್ಡ ರೊಟ್ಟಿ, ಮೇಲೆ ಹಿಟ್ಟಿನ ಹಕ್ಕಿಗಳು, ಏಳು ಹೆಂಗಸರು ಏಳು ಮನೆಯ ಹಿಟ್ಟು ತಂದು ಒಂದೇ ಮರಿಗೆಯಲ್ಲಿ ನಾದಬೇಕು. ಆ ಏಳು ಜನ ಎಂಥವರಿರಬೇಕೆಂದೂ ಹೇಳಿದೆ: ಒಂದೇ ಮದುವೆಯಾದವರು, ಗಂಡ ಬದುಕಿರುವ ಮುತ್ತೈದೆಯರು. ಗಂಡ ಸತ್ತವಳ ಕೈ ಸೋಕಿದರೆ ಮದುಮಗಳಿಗೂ ಅದೇ ಗತಿ ಎಂಬ ನಂಬಿಕೆಯನ್ನೂ ಹೇಳಿದೆ. ಕಾಲರ್ ಸರಿಮಾಡುವವಳು 'ಎಷ್ಟು ಚೆಂದದ ಸಂಪ್ರದಾಯ' ಎಂದು ಕೈಜೋಡಿಸಿದಳು. ಚೆಂದವೇ. ಅವಳನ್ನು ಕರೆದುಕೊಂಡು ಬಂದು ನಮ್ಮೂರಲ್ಲಿ ಈಗ ಆ ಏಳು ಜನರನ್ನು ಹುಡುಕಿಸು.

ಕಾಲುವೆಯ ಈಚೆಗೆ ರೊಟ್ಟಿ ನಾದಬಲ್ಲ ಹೆಂಗಸರೆಂದು ಉಳಿದಿರುವವರಲ್ಲಿ ಮೂವರ ಗಂಡಂದಿರು ಗೋರಿಯಲ್ಲಿದ್ದಾರೆ. ಮೆಲಾನ್ಯಾ ಮತ್ತು ಅವಳ ನಾದಿನಿಯ ಗಂಡಂದಿರು ಯುದ್ಧದಲ್ಲಿದ್ದಾರೆ. ಬೆಳಿಗ್ಗೆ ಫೋನು ಬಂದರೆ ಅವರು ಆ ದಿನದ ಮಟ್ಟಿಗೆ ಮುತ್ತೈದೆಯರು, ಬರದಿದ್ದರೆ ಏನೆಂದು ಯಾರೂ ಬಾಯಿಬಿಡುವುದಿಲ್ಲ. ಪರಸ್ಕಾಳ ಗಂಡ, ಅಂದರೆ ನಿನ್ನ ತಮ್ಮ, ಹೋದ ವರ್ಷದ ವಸಂತದಿಂದ ಯುದ್ಧರಂಗದಲ್ಲಿ ನಾಪತ್ತೆ. ಬದುಕಿದ್ದಾನೆಂದು ಸೈನ್ಯದವರು ಹೇಳುತ್ತಿಲ್ಲ, ಸತ್ತಿದ್ದಾನೆಂದೂ ಹೇಳುತ್ತಿಲ್ಲ. ಇನ್ನು ಉಳಿದವಳು ನಾನು.

ಹಾಪ್ಕಾ ಅಜ್ಜಿ ಕೋಲೂರಿಕೊಂಡು ನಮ್ಮ ಮನೆಗೆ ಬಂದಳು. ಎಂಬತ್ತನಾಲ್ಕು ವರ್ಷವಾದರೂ ಊರಿನ ಮದುವೆ ರೊಟ್ಟಿಗೆಲ್ಲ ಅವಳದೇ ಆಡಳಿತ. ಅವಳೂ ಗಂಡ ಸತ್ತವಳಾದ್ದರಿಂದ ಮೂವತ್ತು ವರ್ಷದಿಂದ ಹಿಟ್ಟು ಮುಟ್ಟಿಲ್ಲ, ಬೆಂಚಿನ ಮೇಲೆ ಕೂತು ಕೋಲಿನಿಂದ ತೋರಿಸಿ ಮಾಡಿಸುತ್ತಾಳೆ ಅಷ್ಟೆ.

"ಮೊತ್ರ್ಯಾ, ಮರಿಗೆಗೆ ಮೊದಲ ಕೈ ನೀನೇ ಇಡ್ಬೇಕು ಕಣೆ," ಅಂದಳು. "ಊರಲ್ಲಿ ಗ್ಯಾರಂಟಿಯಾಗಿ ಗಂಡ ಇರೋಳು ಅಂದ್ರೆ ನೀನೊಬ್ಳೇ."

"ಅಜ್ಜೀ, ಅವ್ನೂ ಒಬ್ಬ ಗಂಡನಾ?"

"ಉಸಿರಾಡ್ತಾನೋ ಇಲ್ವೋ? ಶಾಸ್ತ್ರ ಅಷ್ಟೇ ಕೇಳೋದು. ಯಾರ ಮನೇಲಿ ಉಸಿರಾಡ್ತಾನೆ ಅಂತ ಕೇಳಲ್ಲ."

ನೋಡು, ಹುಟ್ಟಿದಾಗಿನಿಂದ ನಿನ್ನಿಂದ ಊರಿಗೆ ಒಂದು ಕಾಸಿನ ಉಪಯೋಗವಾಗಿರಲಿಲ್ಲ. ಎಲ್ಲೋ ದೂರದಲ್ಲಿ ಕೂತು ಉಸಿರಾಡಿಕೊಂಡಿದ್ದೀಯ ಎಂಬ ಒಂದೇ ಕಾರಣಕ್ಕೆ ನಿನ್ನ ಹೆಂಡತಿ ಊರಿನ ಭಾಗ್ಯವಂತೆಯಾದಳು. ಹೊಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೈನು ಹುಡುಕುತ್ತಾ ಸತ್ತವರ ಹೆಂಡಂದಿರು ಕೈಕಟ್ಟಿ ಕೂರಬೇಕು, ನಾನು ಮೊದಲ ಕೈ ಇಡಬೇಕು. ನನಗೆ ನಾಚಿಕೆಯಾಯಿತು. ಆದರೆ ಹುಡುಗಿಯ ಮದುವೆ, ಒಲ್ಲೆ ಅನ್ನಲಾಗದೆ ಹೂಂ ಅಂದೆ. ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇತ್ತು. ನಾನು ಮೊದಲ ಕೈ ಇಟ್ಟು, ನನ್ನ ಪಕ್ಕದಲ್ಲಿ ಪರಸ್ಕಾಳನ್ನು ನಿಲ್ಲಿಸಿಕೊಂಡುಬಿಟ್ಟರೆ ಯಾರೂ ಕೇಳಲಾರರು. ಅವಳೂ ಬರುವವಳಿದ್ದಳು. ಹೊಸ ಏಪ್ರನ್ ಹೊಲಿದುಕೊಂಡಿದ್ದಳು.

ಅಷ್ಟರಲ್ಲಿ ನಿನ್ನ ವೀಡಿಯೊ ಬಂತು.

ಪೊಕ್ರೋವಾ ಹಬ್ಬದ ದಿನ ಪರಸ್ಕಾಳ ಮನೆಯಲ್ಲಿ ನಾವೆಲ್ಲ ಸೂರ್ಯಕಾಂತಿ ಬೀಜ ಹಸನು ಮಾಡುತ್ತಾ ಕೂತಿದ್ದೆವು. ನೀನು ವೀಡಿಯೊವನ್ನು ನನಗೆ ಕಳಿಸದೆ ಅವಳಿಗೇ ಕಳಿಸಿದ್ದೆ. ಬಾವನವರು ಟೀವಿಯಲ್ಲಿ ಬಂದ ಹಾಗೆ ಬಂದಿದ್ದಾರೆಂದು ಅವಳು ಫೋನನ್ನು ಕಲ್ಲಂಗಡಿಗೆ ಆನಿಸಿ ನಿಲ್ಲಿಸಿದಳು. ನಿನ್ನ ಅಂಗಿ ನೋಡಿ ನಕ್ಕೆವು. ಮೇಜಿನ ಮೇಲಿನ ವಾರ್ನಿಷ್ ಬಳಿದ ಮಣ್ಣಿನ ಕೊರೊವಾಯ್ ನೋಡಿ ಇನ್ನೂ ನಕ್ಕೆವು. ಮೆಲಾನ್ಯಾ, "ಅದನ್ನ ತಿಂದ್ರೆ ಹಲ್ಲೂ ಹೋಗುತ್ತೆ, ಹೊಟ್ಟೇನೂ ಹೋಗುತ್ತೆ," ಅಂದಳು. ಆಮೇಲೆ ಕ್ಯಾಮೆರಾ ಸ್ವಲ್ಪ ಆಚೆ ಹೋಯಿತು. ಕೊರೊವಾಯ್ ಪಕ್ಕದಲ್ಲಿ ಹೊರ್ದಿಯ ಫೋಟೋ. ಮೂಲೆಗೆ ಕಪ್ಪು ಪಟ್ಟಿ. ಮುಂದೆ ಮೇಣದ ದೀಪ. ನೀನು ಎದೆಯ ಮೇಲೆ ಕೈಯಿಟ್ಟುಕೊಂಡು 'ನಾಡಿಗಾಗಿ ಬಲಿಯಾದ ನನ್ನ ತಮ್ಮ' ಎಂದೆ.

ನಿನಗೆ ಯಾರು ಹೇಳಿದರು, ಲುಕ್ಯಾನ್? ಸೈನ್ಯಕ್ಕೆ ಗೊತ್ತಿಲ್ಲದ್ದು, ಅವನ ಹೆಂಡತಿಗೆ ಗೊತ್ತಿಲ್ಲದ್ದು ನಿನಗೆ ಹೇಗೆ ಗೊತ್ತಾಯಿತು? ನಿನ್ನ ಪ್ರದರ್ಶನಕ್ಕೆ ಒಂದು ಸಾವು ಕಡಿಮೆ ಬಿದ್ದಿತ್ತೇ?

ಪರಸ್ಕಾ ಅಳಲಿಲ್ಲ. "ದೀಪ ಎಷ್ಟು ಚೆನ್ನಾಗಿ ಉರೀತಿದೆ ಅಲ್ವಾ, ಅಕ್ಕಾ," ಅಂದು ಫೋನನ್ನು ಕವುಚಿ ಹಾಕಿದಳು. ಮತ್ತೆ ಬೀಜ ಹಸನು ಮಾಡಲು ಕೂತಳು. ಉಳಿದವರು ಒಬ್ಬೊಬ್ಬರಾಗಿ ಎದ್ದುಹೋದರು. ಹೋಗುವಾಗ ಬೀದಿಯಲ್ಲಿ ಗುಸುಗುಸು ಶುರುವಾಗಿಯೇ ಬಿಟ್ಟಿತ್ತು: ಅಣ್ಣನೇ ಕಪ್ಪು ಪಟ್ಟಿ ಹಾಕಿದಾನೆ ಅಂದ್ರೆ ಏನೋ ಗೊತ್ತಾಗಿರ್ಬೇಕು, ಅಲ್ಲಿಯವರಿಗೆ ಎಲ್ಲಾ ಮೊದಲೇ ಗೊತ್ತಾಗುತ್ತೆ.

ನಿನಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಹೊರ್ದಿ ಬಿಟ್ಟುಹೋದ ಬೂಟುಗಳು ಪರಸ್ಕಾಳ ಹೊಸ್ತಿಲ ಪಕ್ಕದಲ್ಲೇ ಇರುತ್ತವೆ. ಶನಿವಾರ ಬಂತೆಂದರೆ ಅವಳು ಅವುಗಳಿಗೆ ಎಣ್ಣೆ ಹಚ್ಚುತ್ತಾಳೆ. ಚರ್ಮ ಒಣಗಿಸಿಬಿಟ್ಟರೆ ಬಂದಾಗ ಬೈತಾನೆ ಅನ್ನುತ್ತಾಳೆ. ಬೀದಿಯಲ್ಲಿ ಹೋಗುವವರೆಲ್ಲ ಅವನ್ನು ನೋಡಿಕೊಂಡೇ ಹೋಗುವುದು. ನಿನ್ನ ವೀಡಿಯೊ ಬಂದ ಮರುದಿನ ಬೆಳಿಗ್ಗೆ ಬೂಟುಗಳು ಅಲ್ಲಿರಲಿಲ್ಲ.

ಗುರುವಾರ ಉಸ್ತಿನಾ ಅಳುತ್ತಾ ಬಂದಳು. "ದೊಡ್ಡಮ್ಮಾ, ಪರಸ್ಕಮ್ಮ ರೊಟ್ಟಿ ನಾದಕ್ಕೆ ಬರಲ್ವಂತೆ. ನನ್ನ ಕೈ ಬೇಡ ಕಂದಾ, ನಿಂಗೆ ಕೆಟ್ಟದಾಗುತ್ತೆ ಅಂತಾಳೆ. ಅವಳ ಕೈ ಇಲ್ದಿದ್ರೆ ನಂಗೆ ರೊಟ್ಟೀನೂ ಬೇಡ, ಮದುವೇನೂ ಬೇಡ."

"ಹಾಗಾದ್ರೆ ಮಾರ್ಕಿಯಾನ್‌ನ ವಾಪಸ್ ಕಳಿಸ್ಲಾ?"

"ಅಯ್ಯೋ, ಅವ್ನು ಬೇಕು," ಅಂದು ಮೂಗು ಒರೆಸಿಕೊಂಡಳು. ಆಮೇಲೆ ನನ್ನ ತೋಳು ಹಿಡಿದು ಅಂದಳು, "ದೊಡ್ಡಮ್ಮಾ, ಅವಳನ್ನ ಮರಿಗೆಯಿಂದ ದೂರ ಇಟ್ರೆ, ಊರೇ ಸೇರಿ ಅಪ್ಪನ್ನ ಸಾಯಿಸ್ದಂಗೆ." ಹುಡುಗಿ ಹೊರ್ದಿಯನ್ನು ಅಪ್ಪ ಅನ್ನುತ್ತಾಳೆ. ನಿನಗೆ ಅದೂ ಗೊತ್ತಿರಲಿಕ್ಕಿಲ್ಲ.

ನಾನು ಪರಸ್ಕಾಳ ಮನೆಗೆ ಹೋದೆ. ಬೇಡಿಕೊಂಡರೆ ಬರುವವಳಲ್ಲವೆಂದು ಗೊತ್ತಿತ್ತು. "ನಾದೋದು ಬೇಡ ಬಿಡು, ಮೂಲೇಲಿ ಕೂತು ಮೊಟ್ಟೆ ಒಡೆದು ಕೊಡು, ನನ್ನ ಕೋಳಿಗಳು ನಿನ್ನ ಕೋಳಿಗಳಷ್ಟು ಇಡಲ್ಲ," ಎಂದೆ. ಮೊಟ್ಟೆಯ ನೆಪ ಅವಳಿಗೆ ಹಿಡಿಸಿತು.

ಶುಕ್ರವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬಂದರು. ಕರೆಂಟ್ ಇರಲಿಲ್ಲ, ಇದ್ದರೂ ಕೊರೊವಾಯ್ ಬೇಯುವುದು ಮಣ್ಣಿನ ಒಲೆಯಲ್ಲೇ ತಾನೆ. ಒಬ್ಬೊಬ್ಬರೂ ಶಾಲಿನ ಮರೆಯಲ್ಲಿ ಮಗು ತಂದ ಹಾಗೆ ತಮ್ಮ ತಮ್ಮ ಹಿಟ್ಟು ತಂದಿದ್ದರು. ಕಾಲುವೆ ಪಕ್ಕದ ಹೊಲದ ಪಟ್ಟೆಯಿಂದ ಮೈನು ತೆಗೆದ ಮೇಲೆ ಬಿತ್ತಿದ ಮೊದಲ ಗೋಧಿ. ಪಟ್ಟೆಯ ಆಚೆ ಈಗಲೂ ಮೈನಿನ ಎಚ್ಚರಿಕೆಯ ಕೆಂಪು ತಗಡಿನ ಫಲಕಗಳೇ ಬೆಳೆದಿವೆ. ಪರಸ್ಕಾ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಬೋಗುಣಿ ಇಟ್ಟುಕೊಂಡು ಕೂತಳು. ಹಳೆಯ ಏಪ್ರನ್ನೇ ಕಟ್ಟಿಕೊಂಡಿದ್ದಳು.

ಒಲೆಯ ಕೆಂಡ ಗುಡಿಸಲು ಗುಂಗುರು ಕೂದಲಿನ ಗಂಡಸು ಬೇಕಲ್ಲ, ರೊಟ್ಟಿಯೂ ಗುಂಗುರಾಗಿ ಉಬ್ಬಿ ಬರಲೆಂದು. ಊರಿನ ಗುಂಗುರು ಕೂದಲನ್ನೆಲ್ಲ ಸೈನ್ಯದ ಕ್ಷೌರಿಕ ಬೋಳಿಸಿದ್ದಾನೆ. ಕೊನೆಗೆ ಸಿದೋರ್ ತಾತ ಬಂದ. ತಲೆ ಹೊಳೆಯುತ್ತಿದ್ದರೂ ಕಿವಿಯ ಹಿಂದೆ ನಾಲ್ಕು ಎಳೆ ಸುರುಳಿ ಇದೆ, ಅದಕ್ಕೆ ಎಣ್ಣೆ ಹಚ್ಚಿಕೊಂಡು ಬಂದಿದ್ದ.

"ಇದೇನೋ ಗುಂಗುರು? ಇದಕ್ಕಿಂತ ನಿನ್ನ ಮೇಕೆ ಗಡ್ಡ ವಾಸಿ," ಅಂದಳು ಹಾಪ್ಕಾ ಅಜ್ಜಿ.

"ಮೇಕೆ ಬಂದಿದ್ರೆ ನಿಮ್ಮ ರೊಟ್ಟಿ ಉಳೀತಿತ್ತಾ?" ಅಂದ ತಾತ. ಅವನ ಮೇಕೆಯ ವಿಷಯ ನನ್ನನ್ನು ಕೇಳಬೇಕು. ನಮ್ಮ ಹಿತ್ತಲ ಗೇಟಿನ ಚಿಲಕ ತುಕ್ಕು ಹಿಡಿದು ಬೀಳುವುದಿಲ್ಲವೆಂದು ಅದಕ್ಕೂ ಗೊತ್ತಾಗಿ, ಈ ವರ್ಷದ ಎಲೆಕೋಸನ್ನೆಲ್ಲ ಅದೇ ತಿಂದು ಮುಗಿಸಿದೆ.

ತಾತ ಒಲೆ ಗುಡಿಸಿದ. ಹಿಟ್ಟನ್ನೆಲ್ಲ ಮರಿಗೆಗೆ ಸುರಿದರು. ನಾನು ಕೈ ತೊಳೆದುಕೊಂಡು ಬಂದೆ. ಅಜ್ಜಿ ಬೆಂಚಿನಿಂದ ಕೋಲು ಕುಟ್ಟಿ, "ಹೂಂ ಮೊತ್ರ್ಯಾ, ಇಡು ಕೈ," ಅಂದಳು. ಎಲ್ಲರೂ ನನ್ನ ಕೈ ನೋಡುತ್ತಿದ್ದರು, ಪರಸ್ಕಾ ಒಬ್ಬಳನ್ನು ಬಿಟ್ಟು. ಅವಳು ತಲೆ ಎತ್ತದೆ ಮೊಟ್ಟೆ ಒಡೆಯುತ್ತಿದ್ದಳು, ಬೇಕಾದ್ದಕ್ಕಿಂತ ಎರಡರಷ್ಟು ಒಡೆದಾಗಿತ್ತು.

ಆಗ ನನಗೆ ನಿನ್ನ ಮುಖ ನೆನಪಾಯಿತು, ಆ ಎರಡು ಗಲ್ಲದ ಮುಖ. ಆ ಮುಖದ ಹೆಸರಿನಲ್ಲಿ ನಾನು ಭಾಗ್ಯವಂತೆ, ಹೊರ್ದಿಯ ಹೆಸರಿನಲ್ಲಿ ಅವಳು ನತದೃಷ್ಟೆ. ಅಸಹ್ಯವಾಯಿತು, ಲುಕ್ಯಾನ್. ನಿನ್ನ ಮೇಲೆ ಮಾತ್ರವಲ್ಲ, ಆ ಶಾಸ್ತ್ರದ ಮೇಲೆ, ತೊಳೆದುಕೊಂಡು ನಿಂತ ನನ್ನ ಕೈಗಳ ಮೇಲೆ.

"ನಾನು ಮುಟ್ಟೋ ಹಾಗಿಲ್ಲ," ಎಂದೆ. "ಲುಕ್ಯಾನ್ ಬಿಡುಗಡೆ ಕೇಳಿದ್ದ, ಕೊಟ್ಟಾಯ್ತು. ಸಹಿ ಹಾಕಿದೀನಿ. ನಂಗೀಗ ಗಂಡ ಇಲ್ಲ."

"ಈಗ ಹೇಳ್ತೀಯಲ್ಲೇ ಮಾರಾಯ್ತಿ, ಒಲೆ ಕಾದ ಮೇಲೆ!" ಎಂದು ಮೆಲಾನ್ಯಾ ಹಣೆ ಚಚ್ಚಿಕೊಂಡಳು.

"ಹಾಗಾದ್ರೆ ನೀನು ಇಡು," ಅಂದಳು ಅಜ್ಜಿ ಅವಳಿಗೆ.

ಮೆಲಾನ್ಯಾ ಒಂದು ಹೆಜ್ಜೆ ಹಿಂದೆ ಸರಿದಳು. "ಬೆಳಿಗ್ಗೆಯಿಂದ ಅವ್ನ ಫೋನ್ ಬಂದಿಲ್ಲ ಅಜ್ಜಿ. ನಾನೊಲ್ಲೆ. ಮೊದಲ ಕೈ ನಾನಿಟ್ಟು, ಆಮೇಲೆ ಏನಾದ್ರೂ..." ಅವಳ ನಾದಿನಿಯೂ ಕೈಗಳನ್ನು ಏಪ್ರನ್ನಿನೊಳಗೆ ಬಚ್ಚಿಟ್ಟುಕೊಂಡಳು. ಉಳಿದ ಮೂವರು ಗೋಡೆ ನೋಡಿದರು. ಮರಿಗೆಯಲ್ಲಿ ಹಿಟ್ಟು, ಒಲೆಯಲ್ಲಿ ಕಾವು, ಮನೆ ತುಂಬ ಹೆಂಗಸರು, ಮುಟ್ಟುವವರಿಲ್ಲ.

ಅಜ್ಜಿ ಕೋಲು ಎತ್ತಿದಳು. ನನ್ನನ್ನು ಕೋಲಿನಿಂದ ಬಾರಿಸುತ್ತಾಳೆ ಎಂದುಕೊಂಡೆ. ಅವಳು ಬಾಗಿಲ ಕಡೆ ತಿರುಗಿದಳು.

"ಪರಸ್ಕಾ, ಹೊರ್ದಿ ಬೂಟು ಎಲ್ಲಿಟ್ಟಿದೀಯೇ?"

"ಒಳಗೆ ಅಜ್ಜಿ. ಮಂಚದ ಕೆಳಗೆ."

"ಎಣ್ಣೆ?"

ಪರಸ್ಕಾ ಇನ್ನೊಂದು ಮೊಟ್ಟೆ ಒಡೆದಳು.

"ಕೇಳಿದ್ದು ನಿನ್ನನ್ನೇ. ಮಂಚದ ಕೆಳಗೆ ಇಟ್ಮೇಲೆ ಎಣ್ಣೆ ಹಚ್ಚಿದ್ಯೋ ಇಲ್ವೋ?"

"ಹಚ್ಚಿದೀನಿ," ಅಂದಳು, ಕೇಳಿಸಿಯೂ ಕೇಳಿಸದ ಹಾಗೆ. "ನಿನ್ನೆ."

"ಇನ್ನೂ ಶನಿವಾರ ಬಂದಿಲ್ವಲ್ಲೇ."

"ಬೂಟು ಕಣ್ಣಿಗೆ ಕಾಣ್ದಿದ್ರೆ ಮನಸ್ಸು ತಡೀಲಿಲ್ಲ ಅಜ್ಜೀ."

"ಸತ್ತೋನ ಬೂಟಿಗೆ ಯಾರೇ ಎಣ್ಣೆ ಹಚ್ತಾರೆ?" ಅಜ್ಜಿಯ ಕೋಲು ನೆಲಕ್ಕೆ ಬಡಿದ ಸದ್ದಿಗೆ ಸಿದೋರ್ ತಾತ ಬೆಚ್ಚಿದ. "ಎದ್ದೇಳು. ಗಂಡನ ದಾರಿ ಕಾಯೋಳು ಗಂಡ ಇರೋಳೇ. ಇವತ್ತಿಂದ ಈ ಊರಲ್ಲಿ ಇದೇ ಶಾಸ್ತ್ರ. ಯಾರಿಗಾದ್ರೂ ತಕರಾರಿದ್ರೆ ನಾನು ಸತ್ಮೇಲೆ ಬಂದು ಹೇಳಿ."

ಪರಸ್ಕಾ ಎದ್ದು ಬಂದಳು. ಮೊಟ್ಟೆಯ ಲೋಳೆ ಮೆತ್ತಿದ್ದ ಕೈಗಳನ್ನು ಹಾಗೆಯೇ ಹಿಟ್ಟಿನೊಳಗೆ ಇಟ್ಟಳು, ಮಣಿಕಟ್ಟಿನ ತನಕ. ಆಮೇಲೆ ಅಳು ಬಂತು ಅವಳಿಗೆ. ಅಳುತ್ತಲೇ ನಾದಿದಳು. ಮೆಲಾನ್ಯಾ ಬಂದಳು, ನಾದಿನಿ ಬಂದಳು. ಗಂಡ ಸತ್ತ ಮೂವರು ಇನ್ನೂ ಗೋಡೆಗೆ ಅಂಟಿಕೊಂಡೇ ನಿಂತಿದ್ದರು.

"ನಿಮ್ಗೇನು ಬೇರೆ ಆಮಂತ್ರಣ ಬೇಕಾ?" ಅಂದಳು ಅಜ್ಜಿ. "ನಮ್ಮೋರು ಆ ಕಡೆ ಕಾಯ್ತಿದಾರೆ, ನಾವು ಈ ಕಡೆ ಕಾಯ್ತಿದೀವಿ. ಕಾಯೋದು ಕಾಯೋದೇ." ಹಾಗೆಂದವಳು ಕೋಲನ್ನು ಗೋಡೆಗೆ ಒರಗಿಸಿ, ತೋಳು ಮಡಚಿ, ತಾನೂ ಮರಿಗೆಯ ಹತ್ತಿರ ಬಂದಳು. ಮೂವತ್ತು ವರ್ಷದ ಮೇಲೆ ಆ ಕೈಗಳು ಹಿಟ್ಟಿಗೆ ಬಿದ್ದವು. ಮೊದಲು ಮೆಲ್ಲಗೆ ಮುಟ್ಟಿ ನೋಡಿದಳು. ಆಮೇಲೆ ಪಕ್ಕದವಳ ಕೈ ತಳ್ಳಿ, "ಹಿಂಗಲ್ವೇ, ಮುಷ್ಟಿ ಕಟ್ಟು," ಎಂದು ಬೈಯಲು ಶುರುಮಾಡಿದಳು.

ಎಣಿಸಿದರೆ ಸರಿಯಾಗಿ ಏಳು ಜನ ಆಗಿದ್ದರು, ನಾನು ಎಂಟನೆಯವಳು. ಅಜ್ಜಿ ನಾದುತ್ತಲೇ ನನ್ನ ಕಡೆ ನೋಡಿದಳು. "ನೀನು? ನೀನು ಕಾಯ್ತಿದೀಯಾ?"

"ಇಲ್ಲ ಅಜ್ಜಿ," ಎಂದೆ.

"ಹಾಗಾದ್ರೆ ಒಲೆ ನೋಡ್ಕೋ."

ಒಲೆ ನೋಡಿಕೊಂಡೆ. ರೊಟ್ಟಿಯನ್ನು ಒಲೆಗೆ ಹಾಕಿದ ಮೇಲೆ ಅವರು ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಶಾಸ್ತ್ರದಂತೆ ಖಾಲಿ ಮರಿಗೆಯನ್ನು ಎತ್ತಿ ಏಳೂ ಜನ ಸೇರಿ ಸೂರಿನ ತೊಲೆಗೆ ಮೂರು ಸಲ ಕುಟ್ಟಿದರು, ಕೈ ತೊಳೆದ ನೀರನ್ನು ಚೆರ್ರಿ ಮರದ ಬುಡಕ್ಕೆ ಹೊಯ್ದರು. ನೀನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದಿದ್ದ ಮರಿಗೆ ಅದು. ಕುಟ್ಟಿದ ಹೊಡೆತಕ್ಕೆ ಸೂರಿನ ಸುಣ್ಣ ನನ್ನ ತಲೆಯ ಮೇಲೆ ಬಿತ್ತು.

ರೊಟ್ಟಿ ಬಿರಿಯಿತೇ ಎಂದು ಕೇಳುತ್ತೀಯ, ಗೊತ್ತು. ಕೊರೊವಾಯ್ ಬಿರಿದರೆ ಅಪಶಕುನ ಎಂದು ಆ ಭಾಷಣದಲ್ಲೇ ಹೇಳಿದ್ದೆಯಲ್ಲ. ಬಿರಿಯಿತು. ಹಿಂಬದಿಯಲ್ಲಿ, ಒಂದು ಬೆರಳು ಹೋಗುವಷ್ಟು. ಎಲ್ಲರೂ ನೋಡಿದೆವು. ಹಾಪ್ಕಾ ಅಜ್ಜಿ ಬಿರುಕಿನೊಳಗೆ ಹಸಿರು ಬಳ್ಳಿಯ ಚಿಗುರು ಸಿಕ್ಕಿಸಿ, ಅದರ ಮೇಲೊಂದು ಹಿಟ್ಟಿನ ಹಕ್ಕಿ ಕೂರಿಸಿದಳು. ಬಿರುಕು ಬಿಟ್ಟಿದೆಯಲ್ಲ ಅಜ್ಜಿ ಎಂದು ಮೆಲಾನ್ಯಾ ಪಿಸುಗುಟ್ಟಿದ್ದಕ್ಕೆ, "ಎಲ್ಲಿ? ನಂಗೆ ಕಣ್ಣು ಕಾಣಲ್ಲ," ಅಂದಳು. ಸೂಜಿಗೆ ದಾರ ಪೋಣಿಸುವ ಕಣ್ಣು ಅವು.

ಮದುವೆ ಚೆನ್ನಾಗಿ ಆಯಿತು. ಊಟದ ನಡುವೆ ಸೈರನ್ ಕೂಗಿತು. ನದಿಯ ಕಡೆಯಿಂದ ಎರಡು ಸದ್ದು ಕೇಳಿದವು, ಆಮೇಲೆ ಸಿದೋರ್ ತಾತ ಅಕಾರ್ಡಿಯನ್ನನ್ನು ಇನ್ನೂ ಜೋರಾಗಿ ನುಡಿಸಿದ. ಮಾರ್ಕಿಯಾನ್‌ನ ಬೋಳುತಲೆಗೆ ಉಸ್ತಿನಾ ಎಲ್ಲರೆದುರಿಗೆ ಮುತ್ತು ಕೊಟ್ಟಳು. ಕೊರೊವಾಯ್ ಹಂಚುವಾಗ ಬಂಧುಗಳಲ್ಲಿ ಯಾರನ್ನೂ ಬಿಡುವ ಹಾಗಿಲ್ಲವಲ್ಲ, ಹೊರ್ದಿಯ ಪಾಲನ್ನು ಕಸೂತಿ ಟವೆಲಿನಲ್ಲಿ ಸುತ್ತಿ ಪರಸ್ಕಾಳ ಕೈಗೆ ಕೊಟ್ಟರು. ರೊಟ್ಟಿಯ ತಳದ ಸಿಪ್ಪೆ ವಾದ್ಯದವರಿಗೆ ಸೇರಿದ್ದು, ತಾತ ಒಬ್ಬನೇ ತಿಂದ. ಉಳಿದಿದ್ದರೆ ಅದನ್ನೇ ನಿನಗೆ ಕಳಿಸುತ್ತಿದ್ದೆ. ನೀನೂ ಈಗ ಹೊಟ್ಟೆಪಾಡಿಗೆ ಹಾಡುವವನೇ ತಾನೆ?

ಅಂದಹಾಗೆ, ಶನಿವಾರ ಬೆಳಿಗ್ಗೆ ಬೂಟುಗಳು ಹೊಸ್ತಿಲಿಗೆ ವಾಪಸು ಬಂದಿವೆ.

ಈಗ ನಿನ್ನ ಬೇಡಿಕೆಗಳು. ಮರಿಗೆ ಕಳಿಸುವುದಿಲ್ಲ. ಅದಕ್ಕೆ ಇಲ್ಲಿ ಕೆಲಸವಿದೆ, ಮುಂದಿನ ತಿಂಗಳು ಇನ್ನೊಂದು ಮದುವೆ ಇದೆ. ನಿನ್ನ ಗಾಜಿನ ಪೆಟ್ಟಿಗೆಯಲ್ಲಿ ಏನಾದರೂ ಇಡಲೇಬೇಕೆಂದಿದ್ದರೆ ನೀನೇ ಹೋಗಿ ಕೂತುಕೋ, ವಾರ್ನಿಷ್ ಹೇಗೂ ನಿನ್ನ ಹತ್ತಿರವಿದೆ. ಕಾಗದಕ್ಕೆ ಸಹಿ ಆಗಿದೆ, ಇದರೊಂದಿಗೇ ಇದೆ. ಶುಕ್ರವಾರ ನಾನು ಸಹಿ ಹಾಕಿದ್ದೇನೆಂದು ಹೇಳಿದ್ದು ಸುಳ್ಳು, ಆಗ ಕಾಗದ ದೇವರ ಪಟದ ಹಿಂದೆ ಹಾಗೇ ಇತ್ತು. ಸೋಮವಾರ ತಾಲ್ಲೂಕು ಪಟ್ಟಣಕ್ಕೆ ಹೋಗಿ ಆ ಸುಳ್ಳನ್ನು ನಿಜ ಮಾಡಿ ಬಂದೆ. ಸ್ವಂತ ಇಚ್ಛೆಯಿಂದಲೇ ತಾನೆ ಎಂದು ನೋಟರಿಯ ಹುಡುಗಿ ಕೇಳಿದಳು. ನಾನು ನಕ್ಕ ರೀತಿ ನೋಡಿ ಎರಡನೇ ಸಲ ಕೇಳಲಿಲ್ಲ.

ನೀನು ಎರಡು ಕೇಳಿದೆ, ನಾನು ಒಂದು ಕೇಳುತ್ತೇನೆ. ಈ ಕಾಗದ ಕೈಸೇರಿದ ದಿನವೇ ಹೊರ್ದಿಯ ಫೋಟೋದಿಂದ ಆ ಕಪ್ಪು ಪಟ್ಟಿ ತೆಗೆ. ದೀಪ ಆರಿಸು. ತೆಗೆದ ಮೇಲೆ ಅದನ್ನೂ ವೀಡಿಯೊ ಮಾಡಿ ಪರಸ್ಕಾಳಿಗೆ ಕಳಿಸು. ಸಭೆಯವರಿಗೆ ಸತ್ತವನೊಬ್ಬ ಬೇಕೇ ಬೇಕೆಂದಾದರೆ ನಿನ್ನದೇ ಫೋಟೋ ಇಟ್ಟುಕೋ. ಊರಿನ ಕಡೆಯಿಂದ ಯಾರ ಆಕ್ಷೇಪವೂ ಇರುವುದಿಲ್ಲ.

ಇಂತಿ,
ಒಲೆ ನೋಡಿಕೊಂಡವಳು,
ಮೊತ್ರ್ಯಾ

ಮರೆತಿದ್ದೆ: ಅಜ್ಜಿ ಕೇಳಿದಾಗ ನಾನು 'ಇಲ್ಲ' ಎಂದೆನಲ್ಲ, ಅದು ಅವತ್ತಿನ ಎರಡನೆಯ ಸುಳ್ಳು. ಹಿತ್ತಲ ಗೇಟಿನ ಚಿಲಕಕ್ಕೆ ಯಾವ ತುಕ್ಕೂ ಹಿಡಿದಿಲ್ಲ, ತಿಂಗಳಿಗೊಮ್ಮೆ ನಾನೇ ಅದಕ್ಕೆ ಎಣ್ಣೆ ಬಿಡುತ್ತಿದ್ದೆ. ಲಾರಿ ಕೆಲಸ ಮುಗಿಸಿ ಬಂದಾಗಲೆಲ್ಲ ನೀನು ಹಿತ್ತಲಿಂದಲೇ ಬರುತ್ತಿದ್ದೆಯಲ್ಲ, ಅದಕ್ಕೇ ನೀನು ಹೋದಾಗಿನಿಂದ ಹಾಕಿರಲಿಲ್ಲ. ಮೇಕೆ ಬಂತು, ಆ ಕಾಲುಚೀಲದವರೂ ಅಲ್ಲಿಂದಲೇ ಬಂದರು, ಆದರೂ ಹಾಕಿರಲಿಲ್ಲ. ನಿನ್ನೆ ಸಂಜೆ ಹಾಕಿದೆ. ಸಲೀಸಾಗಿ ಬಿತ್ತು.